ಬಕಾಸುರನ ಹಲ್ಲು

ಕರೋಶಿಯ ಧರೆಪ್ಪನ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ರಾತ್ರಿ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂರಬೇಕು, ಹಿರಿಯ ಕೈ ತೊಳೆಯುವವರೆಗೆ ಯಾರೂ ತಾಟಿನ ಮುಂದಿನಿಂದ ಏಳಬಾರದು. ಧರೆಪ್ಪನ ಅಪ್ಪನ ಕಾಲದಲ್ಲೂ ಹೀಗೇ ನಡೆದಿತ್ತು. ಧರೆಪ್ಪನ ಬಾಯಲ್ಲಿ ಹಲ್ಲಿರುವ ತನಕ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅವನು ಕಡಕ್ ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ನುಂಗುವವನು. ಉಳಿದವರೇ ಅವನ ಹಿಂದೆ ಓಡಬೇಕಿತ್ತು.

ಆಮೇಲೆ ಹಲ್ಲು ಹೋದವು. ಒಂದಾದ ಮೇಲೊಂದು ಅಲುಗಾಡಿ, ನೋಯಿಸಿ, ಕಡೆಗೆ ಎಲ್ಲವೂ ಹೋದವು. ಎಲ್ಲರ ಊಟ ಮುಗಿದರೂ ಅವನದು ಇನ್ನೂ ಅರ್ಧ ರೊಟ್ಟಿಯಲ್ಲೇ ಇರುತ್ತಿತ್ತು. ಮಗ ಬಾಬಾಸಾಹೇಬ ಎಂಜಲು ಕೈಯನ್ನು ತಾಟಿನ ಮೇಲೆ ಹಿಡಿದು ಕೂರುತ್ತಿದ್ದ. ಕಬ್ಬಿಗೆ ನೀರು ಬಿಡುವ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಬಾವಿಯ ಮೇಲಿನ ದೀಪ ಹತ್ತಿತೆಂದರೆ ಅವನು ಓಡಬೇಕು. ಸೊಸೆ ಶಿವಗಂಗವ್ವನಿಗೆ ಮುಸುರೆ ಕಾದಿರುತ್ತಿತ್ತು, ಚಿಕ್ಕೋಡಿಯ ಕಾಲೇಜಿಗೆ ಹೋಗುವ ಮೊಮ್ಮಗಳು ಸುಂದರಾಗೆ ಓದು ಕಾದಿರುತ್ತಿತ್ತು. ಎಲ್ಲರ ಕೈಯೂ ಒಣಗುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದೆ ಕೂರುವುದೂ ಒಂದು ಬಗೆಯ ಮಾತೇ ತಾನೇ. ಧರೆಪ್ಪ ಅದನ್ನು ಕೇಳಿಸಿಕೊಂಡು ಅರೆಹೊಟ್ಟೆಯಲ್ಲೇ ಏಳತೊಡಗಿದ.

ಅವನು ಸೊರಗುತ್ತಿರುವುದು ಮೊದಲು ಕಂಡದ್ದು ಶಿವಗಂಗವ್ವನಿಗೆ.

"ಮಾವಾರ, ನಾಳಿಂದ ನಿಮಗ ಮೊದಲ ನೀಡ್ತೇನ್ರಿ," ಎಂದಳು. "ಪಡಸಾಲ್ಯಾಗ ಆರಾಮ ಕುಂತು ಉಣ್ರಿ. ರೊಟ್ಟಿ ಹಾಲಾಗ ನೆನಸಿ ಕೊಡ್ತೇನಿ. ಗಡಿಬಿಡಿ ಇರೂದಿಲ್ಲ."

"ಆತವ್ವಾ," ಎಂದ ಧರೆಪ್ಪ.

ಶಿವಗಂಗವ್ವ ಕೆಟ್ಟ ಸೊಸೆಯಲ್ಲ. ಒಳ್ಳೆಯದಕ್ಕೆಂದೇ ಹಾಗೆ ಮಾಡಿದಳು. ಕೆಟ್ಟದ್ದಕ್ಕೆ ಮಾಡಿದ್ದರೆ ಜಗಳ ತೆಗೆಯಬಹುದಿತ್ತು, ಒಳ್ಳೆಯದಕ್ಕೆ ಮಾಡಿದ್ದನ್ನು ಬೇಡವೆನ್ನುವುದು ಹೇಗೆ? ಹೀಗೆ ಎರಡು ವರ್ಷದಿಂದ ಧರೆಪ್ಪ ಪಡಸಾಲೆಯಲ್ಲಿ ಒಬ್ಬನೇ ಉಣ್ಣುತ್ತಿದ್ದ. ಅವನು ನೆನೆದ ರೊಟ್ಟಿಯನ್ನು ಬೆರಳಲ್ಲಿ ಕಿವುಚುವಾಗ ಒಳಗೆ ಉಳಿದವರ ಸಾಲು ಕೂರುತ್ತಿತ್ತು. ತಾಟಿನ ಸದ್ದು, ಮಾತು, ನಡುವೆ ಸುಂದರಾಳ ನಗು. "ಏನಾತಬೇ?" ಎಂದು ಇವನು ಹೊರಗಿನಿಂದ ಕೇಳುತ್ತಿದ್ದ. "ಏನಿಲ್ಲ ಮುತ್ಯಾ," ಎನ್ನುತ್ತಿದ್ದಳು ಅವಳು. ನಕ್ಕ ಮಾತನ್ನು ಇನ್ನೊಮ್ಮೆ ಹೇಳಿದರೆ ರುಚಿಯಿರುವುದಿಲ್ಲ ಎಂದು ಅವನಿಗೂ ಗೊತ್ತು. ತುಂಬಿದ ಮನೆಯಲ್ಲಿ ಮನುಷ್ಯ ಒಂಟಿಯಾಗುವುದು ಹೀಗೆ.

ಬಾಬಾಸಾಹೇಬ ಅಪ್ಪನನ್ನು ನಿಪ್ಪಾಣಿಗೆ ಕರೆದುಕೊಂಡು ಹೋಗಿ ಹಲ್ಲಿನ ಸೆಟ್ಟು ಮಾಡಿಸಿದ್ದ. ಹಾಕಿಕೊಂಡರೆ ಅದು ರೊಟ್ಟಿಯನ್ನು ಬಿಟ್ಟು ಒಸಡನ್ನು ಕಚ್ಚುತ್ತಿತ್ತು.

"ಹೆಂಗದಾವಪಾ ಹಲ್ಲು?" ಎಂದು ಮಗ ಕೇಳಿದರೆ, "ಛಲೋ ಅದಾವು," ಎನ್ನುತ್ತಿದ್ದ.

ಛಲೋ ಇದ್ದ ಹಲ್ಲು ತಂಬಾಕಿನ ಡಬ್ಬಿಯಲ್ಲಿ ಅರಿವೆ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿದ್ದವು. ಪಡಸಾಲೆಯಲ್ಲಿ ಒಬ್ಬನೇ ಉಣ್ಣುವವನ ಬಾಯಿ ಯಾರು ನೋಡುತ್ತಾರೆ? ಒಂಟಿತನಕ್ಕೂ ಇಂಥದೊಂದು ಅನುಕೂಲ ಇರುತ್ತದೆ.

ಎಂಬತ್ತೊಂಬತ್ತರ ಸುಗ್ಗಿ ಮುಗಿಯುವ ಹೊತ್ತಿಗೆ ಮಲಕಾರಿ ಬಂದ. ಕುರಿ ಕಾಯುವ ಮಲಕಾರಿಯೇ ಊರ ದೊಡ್ಡಾಟದ ಮಾಸ್ತರ. ಹೋಳಿ ಹಬ್ಬಕ್ಕೆ ಪ್ರತಿ ವರ್ಷ ಬಕಾಸುರನ ಆಟ. ಧರೆಪ್ಪ ಹರೆಯದಿಂದಲೂ ಬಕಾಸುರ ಆಗಿದ್ದವನು. ಹಲ್ಲು ಹೋದ ವರ್ಷ ಅವನು ಬಾಯಿ ತೆರೆದು ಅಬ್ಬರಿಸಿದಾಗ ಮುಂದೆ ಕೂತಿದ್ದ ಹುಡುಗರು ಬೊಚ್ಚುಬಾಯಿ ನೋಡಿ ನಕ್ಕಿದ್ದರು. ಅಂದಿನಿಂದ ವೇಷ ಅದೇ ಮೇಳದ ನಾಮದೇವನ ಪಾಲಾಗಿತ್ತು.

"ನಾಮದೇವ ರಾಯಬಾಗ ಕಡೆ ಫ್ಯಾಕ್ಟರ್ಯಾಗ ವಾಚಮನ್ ಆಗ್ಯಾನ," ಎಂದ ಮಲಕಾರಿ. "ಹೋಳಿ ದಿನಾನ ಅವನ ಪಾಳಿ ಐತಂತ. ಬಕಾಸುರ ಇಲ್ಲಂದ್ರ ಭೀಮ ಯಾರನ್ನ ಬಡೀಬೇಕು ಮಾಮಾ? ನನ್ನ ಬಡೀತಾನ."

"ನಾ ಆಗ್ತೇನಿ."

"ಬಕಾಸುರ ಅಂದ್ರ ಬಾಯಿ. ನಿನ್ನ ಬಾಯಾಗ ಏನೈತಿ?"

"ನಾಲಿಗಿ ಐತಿ. ಹಲ್ಲಿನ ಕಾಳಜಿ ನನಗ ಬಿಡು. ಹುಡುಗೂರು ನಕ್ಕರ ನಿನ್ನ ಕುರಿ ಕಾಯಾಕ ಬರ್ತೇನಿ."

ಒಳಗಿನಿಂದ ಬಾಬಾಸಾಹೇಬ ಕೇಳಿಸಿಕೊಳ್ಳುತ್ತಿದ್ದ. ಮಲಕಾರಿ ಹೋದದ್ದೇ ತಡ ಹೊರಗೆ ಬಂದ.

"ಈ ವರ್ಷ ಬ್ಯಾಡಪಾ. ಶೇಡಬಾಳದವರು ಸುಂದರಾನ್ನ ನೋಡಾಕ ಬರಾವರದಾರ."

"ಅವರು ನೋಡೂದು ಹುಡುಗೀನ. ನನ್ನಲ್ಲ."

"ಮನೀ ನೋಡ್ತಾರ. ದ್ರಾಕ್ಷಿ ತೋಟದ ಮಂದಿ. ಮುದುಕ ಮಸಿ ಬಳಕೊಂಡು ಕುಣೀತಾನ ಅಂದ್ರ ಏನಂದಾರು?"

"ನಾ ಕುಣಿಯಾಗ ನೀ ಮುಂದ ಕುಂತು ಸೀಟಿ ಹೊಡೀತಿದ್ದಿ."

"ಆಗ ನಾ ಸಣ್ಣಾಂವ ಇದ್ದೆ."

"ಈಗ ದೊಡ್ಡಾಂವ ಆಗಿದಿ. ಆಗು. ಯಾರು ಬ್ಯಾಡಂದಾರ?"

ಬಾಬಾಸಾಹೇಬ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದ. ಶಿವಗಂಗವ್ವ ಒಳಗಿಂದಲೇ, "ತಂದಿ ಮಗಾ ಮಾತಾಡಿದ್ರ ಹಿಂಗ, ಮಾತಾಡಲಿಲ್ಲಂದ್ರ ಹಂಗ," ಎಂದು ಹಿಟ್ಟು ನಾದಿದಳು.

ಆ ವಾರವೇ ಬಾವಿಯ ಪೈಪು ಒಡೆಯಿತು. ಬಾಬಾಸಾಹೇಬ ಚಿಕ್ಕೋಡಿಯಿಂದ ಎಮ್‌ಸೀಲ್ ತಂದ. ಕರಿಯದೊಂದು ಬಿಳಿಯದೊಂದು, ಎರಡು ಗಟ್ಟಿ. ಎರಡನ್ನೂ ಕಿವುಚಿ ಒಂದು ಮಾಡಿ ಬಿರುಕಿಗೆ ಮೆತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಕಲ್ಲು. ಹೋಳಿಗೆಯ ಕಣಕದಂತೆ ನಾದುತ್ತಾರೆಂದು ಆ ಮನೆಯಲ್ಲಿ ಅದಕ್ಕೆ ಪೈಪಿನ ಕಣಕ ಎಂದೇ ಹೆಸರಾಗಿತ್ತು. ಪೈಪಿಗೆ ಮೆತ್ತಿ ಉಳಿದ ಚೂರನ್ನು ಧರೆಪ್ಪ ಬೆರಳಲ್ಲಿ ಹೊಸೆಯುತ್ತ ಕೂತ. ಹೊಸೆದದ್ದು ತುದಿಯಲ್ಲಿ ಚೂಪಾಯಿತು. ಸ್ವಲ್ಪ ಬಗ್ಗಿಸಿದ. ಉಗುರಾಯಿತು.

ಮರುದಿನ ತಾನೇ ಬಸ್ಸು ಹತ್ತಿ ಹೋಗಿ ಇನ್ನಷ್ಟು ತಂದ.

ಹಿಂದೆಲ್ಲ ಬಕಾಸುರನ ಉಗುರನ್ನು ರಟ್ಟು ಕತ್ತರಿಸಿ ಮಾಡುತ್ತಿದ್ದರು. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಅದು ರಟ್ಟೆಂದೇ ಕಾಣುತ್ತಿತ್ತು. ಧರೆಪ್ಪ ದನದ ಕೊಟ್ಟಿಗೆಯಲ್ಲಿ ಕೂತು ಮನೆಯ ಬೆಕ್ಕಿನ ಪಂಜ ಒತ್ತಿ ನೋಡಿದ, ಎಮ್ಮೆಯ ಕೋಡು ನೋಡಿದ, ನಾಯಿಯ ದವಡೆ ಬಿಡಿಸಿ ನೋಡಿದ. ನಾಯಿಗೆ ಇದು ಸರಿಬರಲಿಲ್ಲ, ಆದರೂ ಹಳೆಯ ಪರಿಚಯವೆಂದು ಸುಮ್ಮನಿತ್ತು. ಉಗುರು ಬುಡದಲ್ಲಿ ದಪ್ಪ, ನಡುವೆ ಏಣು, ತುದಿಗೆ ಬರುತ್ತ ತೆಳ್ಳಗಾಗಿ ಕೆಳಗೆ ಬಾಗುತ್ತದೆ. ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ, ಕಣಕವನ್ನು ಬೆರಳ ತುದಿಗೇ ಟೋಪಿಯಂತೆ ಕೂರಿಸಿ, ಮುಂದಕ್ಕೆ ಎಳೆದ. ಗಟ್ಟಿಯಾಗುವ ಮೊದಲು ಬಾಚಣಿಕೆಯ ಹಲ್ಲಿನಿಂದ ಉದ್ದಕ್ಕೂ ಗೆರೆ ಎಳೆದ. ಗಟ್ಟಿಯಾದ ಮೇಲೆ ಪಾಲಿಶ್ ಕಾಗದದಿಂದ ತುದಿಯನ್ನಷ್ಟೇ ತಿಕ್ಕಿದ.

ಸಂಜೆ ಕಾಲೇಜಿನಿಂದ ಬಂದ ಸುಂದರಾ ಕೊಟ್ಟಿಗೆಗೆ ಇಣುಕಿದಳು.

"ಬಣ್ಣ ಏನ ಹಚ್ಚತಿ ಮುತ್ಯಾ?"

"ಚಾದ ಡಿಕಾಕ್ಷನ್ ಹಚ್ಚೇನಿ. ಹಳದಿ ಆತು. ಆದ್ರ ಜೀವ ಬರವಲ್ದು."

ಅವಳು ಒಳಗೆ ಹೋಗಿ ಕಾಡಿಗೆ ಡಬ್ಬಿ ತಂದಳು. ಗೆರೆಗಳ ಮೇಲೆಲ್ಲ ಕಾಡಿಗೆ ಮೆತ್ತಿ, ಕೂಡಲೇ ಅರಿವೆಯಿಂದ ಒರೆಸಿದಳು. ಮೇಲಿನದು ಹೋಯಿತು, ಗೆರೆಯೊಳಗಿನದು ಉಳಿಯಿತು. ಎಷ್ಟೋ ವರ್ಷ ಮಣ್ಣು ಕೆದರಿ, ಹೆಣ ಹರಿದ ಉಗುರಿನ ಹಾಗೆ ಕಂಡಿತು. ಅದರ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎಳೆದಾಗ ಒದ್ದೆಯಾದಂತೆ ಹೊಳೆಯಿತು. ಧರೆಪ್ಪ ಹತ್ತೂ ಬೆರಳಿಗೆ ಹಾಕಿಕೊಂಡು ಕೈ ಎತ್ತಿದ. ಎಮ್ಮೆ ಹಗ್ಗ ಜಗ್ಗಿ ಹಿಂದೆ ಸರಿಯಿತು.

"ನೋಡ, ಎಮ್ಮಿ ಪಾಸ್ ಮಾಡ್ತು," ಎಂದಳು ಸುಂದರಾ. ಆಮೇಲೆ, "ಅಪ್ಪಾ ಬ್ಯಾಡ ಅಂದ್ರೂ ಯಾಕ ಇಷ್ಟ ಹಟಾ ಮುತ್ಯಾ?" ಎಂದು ಕೇಳಿದಳು.

ಧರೆಪ್ಪ ಉಗುರುಗಳನ್ನು ಒಂದೊಂದಾಗಿ ಕಳಚಿದ. "ಬಕಾಸುರಗ ಬಂಡಿ ತುಂಬ ಬುತ್ತಿ ಬರ್ತೈತಿ. ಮನೀಗೊಂದು ಬುಟ್ಟಿ, ಖರೇ ಬುತ್ತಿ. ಭೀಮನ ಜೋಡಿ ಕುಂತು ಒಂದ ಬುಟ್ಟ್ಯಾಗ ಕೈ ಹಾಕೂದು. ಊರೆಲ್ಲ ಮುಂದ ಕುಂತಿರ್ತೈತಿ. ವರ್ಷಕ್ಕೊಮ್ಮಿ ಆದ್ರೂ ನಾಕ ಮಂದಿ ನಡಕ ಉಣಬೇಕಬೇ."

ಸುಂದರಾ ಕಾಡಿಗೆ ಡಬ್ಬಿಯ ಮುಚ್ಚಳ ಹಾಕಿದಳು. ಅಂದು ರಾತ್ರಿ ಸಾಲಿನಲ್ಲಿ ಕೂತು, "ಅವ್ವಾ, ಮುತ್ಯಾನ್ನ ಇಲ್ಲೇ ಕುಂದರಸೂಣು," ಎಂದಳು.

"ನಿಮ್ಮಪ್ಪನ ಮೋಟಾರ ಯಾರು ಚಾಲೂ ಮಾಡಾವ್ರು? ನೀ ಮಾಡ್ತಿಯೇನ?" ಎಂದಳು ಶಿವಗಂಗವ್ವ. ಬಾಬಾಸಾಹೇಬ ಪಲ್ಯ ಕೇಳಿದ. ಮಾತು ಅಲ್ಲಿಗೆ ಮುಗಿಯಿತು.

ಹಲ್ಲು ಸುಲಭವಾಗಲಿಲ್ಲ. ಮೊದಲು ಮಾಡಿದ ಕೋರೆಗಳು ಒಂದೇ ಅಳತೆಯವಾಗಿ ಅಂಗಡಿಯ ಸಾಮಾನಿನಂತೆ ಕಂಡವು. ಒಂದನ್ನು ಉದ್ದ ಮಾಡಿದ, ಒಂದರ ತುದಿ ಮುರಿದ, ಒಂದನ್ನು ಸೊಟ್ಟ ಕೂರಿಸಿದ. ಬುಡಕ್ಕೆ ಡಿಕಾಕ್ಷನ್ನು ದಟ್ಟವಾಗಿ, ತುದಿಗೆ ತೆಳ್ಳಗೆ. ನೋಡಲು ಭಯಂಕರವಾದವು. ಆದರೆ ಒಸಡಿಗೆ ನಿಲ್ಲಲಿಲ್ಲ. ಅಬ್ಬರಿಸಿದ ಕೂಡಲೇ ನಾಲಿಗೆಯ ಮೇಲೆ ಬಿದ್ದವು. ಕೋರೆಗೂ ಕಾಲೂರಲು ಒಂದು ನೆಲ ಬೇಕು.

ಆಗ ಟ್ರಂಕಿನ ಡಬ್ಬಿ ನೆನಪಾಯಿತು.

ನಿಪ್ಪಾಣಿಯ ಹಲ್ಲಿನ ಸೆಟ್ಟಿನ ಮೇಲೆ ಪೈಪಿನ ಕಣಕ ಹಚ್ಚಿ ಕೋರೆ ಕೂರಿಸಿಬಿಟ್ಟ. ಹೋಳಿ ಮುಗಿದ ಮೇಲೆ ಬಿಸಿನೀರಲ್ಲಿ ಹಾಕಿದರೆ ಬಿಟ್ಟುಕೊಳ್ಳುತ್ತದೆ ಎಂದುಕೊಂಡ. ಅವನು ಹುಚ್ಚನಲ್ಲ. ಜೀವಮಾನವಿಡೀ ಗಾಣದಲ್ಲಿ ಕೂತು ಬೆಲ್ಲದ ಪಾಕ ನೋಡಿದವನು. ಗಟ್ಟಿಯಾದದ್ದು ಕಾಯಿಸಿದರೆ ಕರಗಲೇಬೇಕು ಎಂಬುದು ಅವನು ಕಲಿತ ಒಂದೇ ಶಾಸ್ತ್ರ. ಬೆಲ್ಲ, ಮೇಣ, ಅರಗು ಯಾವುದೂ ಅವನಿಗೆ ಅಲ್ಲಿಯವರೆಗೆ ಮೋಸ ಮಾಡಿರಲಿಲ್ಲ.

ಶೇಡಬಾಳದವರು ಹೋಳಿ ಕಳೆದು ಬರುವುದಾಗಿ ಹೇಳಿದ್ದರು. ಹುಡುಗನಿಗೆ ಮತ್ತೆ ರಜೆಯಿಲ್ಲವೆಂದು ಹೋಳಿಯ ದಿನವೇ ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆಂದು ಮುಂಜಾನೆ ಸುದ್ದಿ ಬಂತು. ಮನೆಯಲ್ಲಿ ಸಗಣಿ ಸಾರಿಸುವ, ಹಾಸಿಗೆ ಬದಲಿಸುವ ಗದ್ದಲ.

"ಅಪ್ಪಾ, ಧೋತರಾ ಇಸ್ತ್ರಿ ಮಾಡಸೇನಿ. ಹಲ್ಲ ಹಾಕ್ಕೊಂಡು ಮುಂದ ಕುಂದರು. ಹಲ್ಲ ಇದ್ರ ನಿನ್ನ ಮಾತು ತಿಳೀತಾವು," ಎಂದ ಬಾಬಾಸಾಹೇಬ.

ಧರೆಪ್ಪ "ಹೂಂ" ಎಂದ. ಹಿತ್ತಲ ಒಲೆಯ ಮೇಲೆ ಗುಂಡಗಿಯಲ್ಲಿ ನೀರಿಟ್ಟು ಸೆಟ್ಟನ್ನು ಹಾಕಿ ಮುಚ್ಚಿದ. ನೀರು ಕುದಿಯಿತು. ಕೋರೆ ಬಿಡಲಿಲ್ಲ. ಇನ್ನಷ್ಟು ಸೌದೆ ತರಲು ಹೋದ. ಅಷ್ಟರಲ್ಲಿ ಶಿವಗಂಗವ್ವ ಚಹಾಕ್ಕೆ ನೀರು ಕಾದಿರಬೇಕೆಂದು ಮುಚ್ಚಳ ತೆಗೆದಳು. ಕುದಿಯುವ ನೀರಿನಲ್ಲಿ ರಾಕ್ಷಸ ಒಬ್ಬ ಹಲ್ಲು ಕಿರಿಯುತ್ತಿದ್ದ. ಮುಚ್ಚಳ ಅವಳ ಕೈಯಿಂದ ಜಾರಿ ಹಿತ್ತಲು ತುಂಬ ಸದ್ದು ಮಾಡುತ್ತ ಉರುಳಿತು.

ಬಾಬಾಸಾಹೇಬ ಓಡಿ ಬಂದ. ಇಕ್ಕಳದಿಂದ ಎತ್ತಿ ನೋಡಿದ. ಕೋರೆ ಇದ್ದಂತೆಯೇ ಇದ್ದವು. ಒಸಡಿನ ಭಾಗ ಮಾತ್ರ ಸೊಟ್ಟಗಾಗಿತ್ತು.

"ಇವು ನಿಪ್ಪಾಣಿ ಹಲ್ಲೇನು?"

"ಹೂಂ."

"ಇಷ್ಟ ದಿನಾ ಹಾಕ್ಕೊಂಡೇನಿ, ಛಲೋ ಅದಾವು ಅಂತಿದ್ದಿ."

"ಕಚ್ಚತಿದ್ದವು. ನೀ ತಂದು ಕೊಟ್ಟಿದ್ದಿ. ಹೆಂಗ ಹೇಳಲಿ?"

"ಬೀಗರು ಇನ್ನೇನು ಬರ್ತಾರ. ಏನ ಮಾಡ್ತಿ ಈಗ?"

"ಹಲ್ಲಿಲ್ಲದನ ಕುಂದ್ರತೇನಿ."

"ಮಾತ ತಿಳಿಯೂದಿಲ್ಲಪಾ. ಜೊಲ್ಲ ಸುರೀತೈತಿ."

ಹೇಳಿದ ಮೇಲೆ ಬಾಬಾಸಾಹೇಬನಿಗೇ ಕಸಿವಿಸಿಯಾಯಿತು. ಶಿವಗಂಗವ್ವ ಸೆರಗಿನ ತುದಿ ಬಾಯಿಗೆ ಹಿಡಿದಳು. ಧರೆಪ್ಪ ಸೆಟ್ಟನ್ನು ಮಗನ ಕೈಯಿಂದ ತೆಗೆದುಕೊಂಡು ನೀರು ಝಾಡಿಸಿದ.

"ನಾ ಕೊಟಗ್ಯಾಗ ಇರ್ತೇನಿ ತಗೊ," ಎಂದ. "ಹುಡುಗೀ ಸಲುವಾಗಿ."

ಬೀಗರು ಬಂದರು. ಹುಡುಗ, ಅವನ ತಾಯಿ, ತಂದೆ ಮುರಗೆಪ್ಪ. ಮುರಗೆಪ್ಪನದು ದೊಡ್ಡ ಗಂಟಲು. ಅವನು ಪಡಸಾಲೆಯಲ್ಲಿ ಮಾತಾಡಿದರೆ ಕೊಟ್ಟಿಗೆಯ ಎಮ್ಮೆಗೂ ಕೇಳುತ್ತಿತ್ತು. ಮಳೆ, ದ್ರಾಕ್ಷಿ, ಕಬ್ಬಿನ ಮಾತು ಮುಗಿಸಿ ಅವನು ಕೇಳಿದ:

"ಹಿರಿಯರು ಕಾಣವಲ್ರು?"

ಧರೆಪ್ಪ ಮೇವಿನ ಮೇಲೆ ಕೂತಲ್ಲೇ ಕಿವಿಗೊಟ್ಟ. ಮೈಯಲ್ಲಿ ಹುಷಾರಿಲ್ಲ ಎನ್ನಬಹುದು. ಒಳಗೆ ಮಲಗಿದ್ದಾರೆ ಎನ್ನಬಹುದು.

"ಪಂಢರಪುರಕ್ಕ ಹೋಗ್ಯಾರ್ರಿ, ದರ್ಶನಕ್ಕ," ಎಂದ ಬಾಬಾಸಾಹೇಬ.

ಧರೆಪ್ಪ ಮೇವಿನ ಮೇಲಿಂದ ಎದ್ದ. ಇದ್ದ ಊರಿನಿಂದ, ಇದ್ದ ಮನೆಯಿಂದ ಮಗ ಒಂದೇ ಮಾತಿಗೆ ತನ್ನನ್ನು ಎತ್ತಿ ಅಷ್ಟು ದೂರ ಇಟ್ಟುಬಿಟ್ಟಿದ್ದ. ಉಗುರು, ಹಲ್ಲು ಅರಿವೆಯಲ್ಲಿ ಕಟ್ಟಿಕೊಂಡು ಕಬ್ಬಿನ ಬದುವಿನ ಮೇಲೆ ಮಲಕಾರಿಯ ಹಟ್ಟಿಯತ್ತ ನಡೆದ. ಹಿತ್ತಲಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದ ಸುಂದರಾ ನೋಡಿದಳು.

ಹುಡುಗಿ ಅವರಿಗೆ ಒಪ್ಪಿಗೆಯಾದಳು. ಅಂದು ಆಟವಿದೆಯೆಂದು ತಿಳಿದದ್ದೇ ಮುರಗೆಪ್ಪ, "ಬಕಾಸುರನ ಆಟ ಬಿಟ್ಟು ಹೋದ್ರ ನನಗ ಊಟ ಸೇರೂದಿಲ್ರಿ," ಎಂದು ಉಳಿದುಕೊಂಡ. ಉಳಿಯಬೇಡಿ ಎನ್ನಲು ಬಾಬಾಸಾಹೇಬನಿಗೆ ಯಾವ ಸುಳ್ಳೂ ಹೊಳೆಯಲಿಲ್ಲ. ಒಂದು ದಿನಕ್ಕೆ ಒಂದೇ ಸುಳ್ಳಿನ ಶಕ್ತಿ ಅವನದು.

ಬಕಾಸುರ ರಂಗಕ್ಕೆ ಬರುವುದು ನಸುಕಿಗೆ. ಮೂಡಣ ಕೆಂಪಾಗುವಾಗ ಪರದೆ ಸರಿದು ಮೊದಲು ಉಗುರು ಹೊರಬಂದವು, ಒಂದೊಂದಾಗಿ. ಪರದೆಯ ಬಟ್ಟೆಯನ್ನು ಅವು ಕೆರೆದ ಸದ್ದಿಗೆ ಮುಂದಿನ ಸಾಲಿನ ಹುಡುಗರು ಹಿಂದೆ ಸರಿದರು. ಆಮೇಲೆ ಬಾಯಿ. ಒಬ್ಬನೂ ನಗಲಿಲ್ಲ. ಹೆಂಗಸರ ಕಡೆ ಒಂದು ಕೂಸು ಕಿಟಾರನೆ ಕಿರುಚಿ ಅಳತೊಡಗಿತು. ಶಿವಗಂಗವ್ವನಿಗೆ ಅದು ಯಾರ ಬಾಯಿ ಎಂದು ಗೊತ್ತಿದ್ದೂ ಮೈ ಜುಮ್ಮೆಂದಿತು.

ಬುತ್ತಿಯ ಬಂಡಿ ಬಂತು. ಭೀಮ ಬಂಡಿಯ ಮೇಲೆ ಕೂತು ತಿನ್ನುತ್ತಿದ್ದ. ಬಕಾಸುರ ಬುಟ್ಟಿಯೊಂದರ ಅರಿವೆ ಸರಿಸಿದ. ತನ್ನದೇ ಮನೆಯ ಅರಿವೆ. ಒಳಗೆ ಹೋಳಿಗೆ, ಎಳ್ಳು ಹಚ್ಚಿದ ಕಡಕ್ ರೊಟ್ಟಿ. ಸೊಟ್ಟಗಾದ ಹಲ್ಲಿನ ಸೆಟ್ಟನ್ನು ಅವನು ಅರಳೆ ಒತ್ತಿ ಒಸಡಿಗೆ ನಿಲ್ಲಿಸಿಕೊಂಡಿದ್ದ. ಬಾಯಿ ಮುಚ್ಚಿದರೆ ಅದು ಕೆಳಗೆ ಬೀಳುವಂತಿತ್ತು. ಅಗಿಯುವುದಂತೂ ದೂರ. ರೊಟ್ಟಿಯನ್ನು ಬಾಯಿಯ ಮುಂದೆ ಹಿಡಿದು ಉಗುರಿನಿಂದ ಚೂರು ಮಾಡಿ ಗಾಳಿಗೆ ಎರಚಿದ. ಊರೆಲ್ಲ ಬಕಾಸುರ ತಿಂದನೆಂದೇ ತಿಳಿಯಿತು. ನಾಲ್ಕು ಮಂದಿಯ ನಡುವೆ ಉಣ್ಣಲೆಂದೇ ಇಷ್ಟೆಲ್ಲ ಮಾಡಿದವನ ಹೊಟ್ಟೆಗೆ ಒಂದು ತುತ್ತೂ ಇಳಿಯಲಿಲ್ಲ.

ಯುದ್ಧಕ್ಕೆ ಮೊದಲು ಆಟ ನಿಂತಿತು. ಆಹೇರದ ಹೊತ್ತು. ವೇಷದವರ ಮನೆಯವರು ರಂಗಕ್ಕೆ ಬಂದು ಟವೆಲ್ಲು, ಟೋಪಿ ಹಾಕುತ್ತಾರೆ, ಮಾಸ್ತರ ಹೆಸರು ಕೂಗುತ್ತಾನೆ. ಭೀಮನಿಗೆ ಅತ್ತೆಯ ಮನೆಯವರು ಬಂದರು, ಕುಂತಿಯ ವೇಷದವನಿಗೆ ಅಣ್ಣಂದಿರು ಬಂದರು. ಬಕಾಸುರನ ಹತ್ತಿರ ಯಾರೂ ಬರಲಿಲ್ಲ. ಅವನು ಬುಟ್ಟಿಗಳ ನಡುವೆ ಉಗುರಿನ ಕೈ ತೊಡೆಯ ಮೇಲಿಟ್ಟು ಕೂತಿದ್ದ. ಬಾಬಾಸಾಹೇಬ ನೆಲ ನೋಡುತ್ತಿದ್ದ. ಎದ್ದು ಹೋದರೆ ಪಂಢರಪುರ ಬಯಲಾಗುತ್ತದೆ. ಸುಂದರಾ ಏಳಲು ಹೋದಳು, ಶಿವಗಂಗವ್ವ ಅವಳ ಮೊಣಕೈ ಹಿಡಿದಳು.

ಎದ್ದವನು ಮುರಗೆಪ್ಪ. ರಂಗ ಹತ್ತಿ ತನ್ನ ಹೆಗಲ ಮೇಲಿನ ಕೆಂಪು ಅಂಚಿನ ಶಲ್ಯವನ್ನು ಬಕಾಸುರನಿಗೆ ಹೊದಿಸಿದ. "ಇಂಥಾ ಹಲ್ಲ ನಾ ಜನ್ಮದಾಗ ನೋಡಿಲ್ಲ. ಈ ಕಲಾವಿದನ ಹೆಸರೇನ್ರಿ?"

ಮಲಕಾರಿ ಬಕಾಸುರನ ಕಿವಿಯ ಹತ್ತಿರ ಬಗ್ಗಿದ. "ಏನಂತ ಕೂಗಲಿ ಮಾಮಾ?"

"ಬಕಾಸುರ ಅಂತ ಕೂಗು," ಎಂದ ಧರೆಪ್ಪ ಹಲ್ಲಿನ ಸಂದಿಯಿಂದ. "ನಾ ಪಂಢರಪುರದಾಗ ಅದೇನಿ."

ಬಿಸಿಲು ಏರಿದ ಮೇಲೆ ಧರೆಪ್ಪ ಬಾವಿಯ ನೀರಲ್ಲಿ ಬಣ್ಣ ತೊಳೆದುಕೊಂಡು, ಬೀಗರು ಮೊದಲ ಬಸ್ಸಿಗೆ ಹೋಗಿರಬೇಕೆಂದು ಹಿತ್ತಲ ಬಾಗಿಲಿಂದ ಮನೆಗೆ ಬಂದ. ಹಿತ್ತಲಲ್ಲಿ ಮುರಗೆಪ್ಪ ಹಲ್ಲಿಗೆ ತಂಬಾಕಿನ ಮಿಸ್ರಿ ತಿಕ್ಕುತ್ತ ನಿಂತಿದ್ದ. ಅವನು ಮುದುಕನ ಮುಖ ನೋಡಿದ, ಕಿವಿಯ ಹಿಂದೆ ಉಳಿದ ಮಸಿ ನೋಡಿದ, ಹೆಗಲ ಮೇಲಿನ ಕೆಂಪು ಅಂಚಿನ ಶಲ್ಯ ನೋಡಿದ. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ಬಂದ ಬಾಬಾಸಾಹೇಬ ಅಲ್ಲೇ ನಿಂತ.

ಮುರಗೆಪ್ಪ ಸಾವಕಾಶವಾಗಿ ಬಾಯಿ ಮುಕ್ಕಳಿಸಿದ.

"ಪಂಢರಪುರದಿಂದ ಬಂದ್ರೇನ್ರಿ?"

"ಹೌದ್ರಿ," ಎಂದ ಧರೆಪ್ಪ. "ಈಗ ಬಂದೆ."

"ದರ್ಶನ ಆತ್ರಿ?"

"ಆತ್ರಿ."

"ಶಲ್ಯೆ ಛಲೋ ಐತಿ."

"ವಿಠ್ಠಲ ಕೊಟ್ಟಾನ್ರಿ."

"ಹಂಗಾರ ನಿಮ್ಮ ವಿಠ್ಠಲ ಶೇಡಬಾಳದಾಂವ," ಎಂದ ಮುರಗೆಪ್ಪ. ಬಾಬಾಸಾಹೇಬನ ಕಡೆ ತಿರುಗಿಯೂ ನೋಡಲಿಲ್ಲ.

ಬೀಗರನ್ನು ಉಣಿಸಿ ಕಳಿಸಬೇಕು. ಸಾಲು ಹಾಕಿದರು. ಶಿವಗಂಗವ್ವ ರೂಢಿಯಂತೆ ಮಾವನ ತಾಟನ್ನು, ನೆನೆಸಿದ ರೊಟ್ಟಿಯನ್ನು ಪಡಸಾಲೆಯ ಮೂಲೆಗೆ ಒಯ್ಯುತ್ತಿದ್ದಳು.

"ತಂಗೀ, ಹಿರಿಯರ ತಾಟ ಎಲ್ಲಿಗೆ ಹೊಂಟತಿ?" ಎಂದ ಮುರಗೆಪ್ಪ. "ಇಲ್ಲಿ ತಾ. ನನ್ನ ಮಗ್ಗಲಕ."

ಧರೆಪ್ಪ ಕೂತ. ಕಿವುಚಿದ, ಬಾಯಿಗಿಟ್ಟ, ಒಸಡಿನಲ್ಲಿ ನುರಿಸಿದ. ಮುರಗೆಪ್ಪನದು ಬೇಗ ಮುಗಿಯಿತು. ಮುಗಿದರೂ ಅವನು ಆಟದ ಮಾತಾಡುತ್ತ ಕೂತ. ದಾರಿಯಲ್ಲಿ ಚಿಕ್ಕೋಡಿಯ ಬಸ್ಸಿನ ಹಾರ್ನು ಕೇಳಿಸಿತು.

"ಬಸ್ಸ ಬಂತ್ರಿ," ಎಂದ ಬಾಬಾಸಾಹೇಬ.

"ಹೋಗ್ಲಿ. ಹಿರಿಯರು ಉಣ್ಣಾಕತ್ತಾರ. ನಿಮ್ಮ ಮನ್ಯಾಗ ಪದ್ಧತಿ ಹೆಂಗೋ ಗೊತ್ತಿಲ್ಲ, ನಮ್ಮಲ್ಲಿ ಹಿರಿಯರು ಏಳೂತನಾ ಯಾರೂ ಏಳೂದಿಲ್ರಿ."

ಬಾಬಾಸಾಹೇಬನ ಮುಖ ಕಪ್ಪಿಟ್ಟಿತು. ಶಿವಗಂಗವ್ವ ಒಲೆಯ ಕಡೆ ತಿರುಗಿದಳು. ಧರೆಪ್ಪ ಮಾತ್ರ, ಬಸ್ಸು ತಪ್ಪಿತಲ್ಲ ಎಂಬ ಸಂಕಟಕ್ಕೆ ಉಳಿದದ್ದನ್ನು ಗಡಿಬಿಡಿಯಲ್ಲಿ ನುಂಗಿ ಎದ್ದುಬಿಟ್ಟ.

ಮುಂದಿನ ಬಸ್ಸು ಹತ್ತುವಾಗ ಮುರಗೆಪ್ಪ ಬಾಬಾಸಾಹೇಬನಿಗೆ, "ನಿಶ್ಚಯದ ಸಾಕರಪುಡಾಕ್ಕ ದಿನಾ ತಗಸ್ರಿ," ಎಂದ. "ಹಿರಿಯರು ಪಂಢರಪುರಕ್ಕ ಹೋಗದ ದಿನಾ ನೋಡಿ ತಗಸ್ರಿ."

ಬಸ್ಸಿನ ಧೂಳು ಇಳಿದರೂ ಬಾಬಾಸಾಹೇಬ ಅಲ್ಲೇ ನಿಂತಿದ್ದ. ಆಮೇಲೆ ಮನೆಗೆ ಬಂದ. ಹಲ್ಲಿನ ಸೆಟ್ಟು ತಾನೇ ತೊಳೆದು ಅರಿವೆಯಲ್ಲಿ ಸುತ್ತಿಟ್ಟ. ಉಗುರುಗಳನ್ನು ದಾರಕ್ಕೆ ಕಟ್ಟಿ ಪಡಸಾಲೆಯ ಗೂಟಕ್ಕೆ ನೇತುಹಾಕಿದ.

ಅಂದು ರಾತ್ರಿ ಶಿವಗಂಗವ್ವ ಮೊದಲಿಗೆ ಯಾರಿಗೂ ನೀಡಲಿಲ್ಲ. ಎಲ್ಲ ತಾಟುಗಳನ್ನೂ ಒಂದೇ ಸಾಲಿನಲ್ಲಿ ಇಟ್ಟಳು. "ಬರ್ರಿ ಮಾವಾರ," ಎಂದಳು. ಧರೆಪ್ಪ ಪಡಸಾಲೆಯಲ್ಲೇ ಒಂದು ಗಳಿಗೆ ನಿಂತ. ಸುಂದರಾ ಕೈಹಿಡಿದು ಕರೆತಂದಳು.

ಎಲ್ಲರೂ ಉಂಡರು. ಎಲ್ಲರದೂ ಮುಗಿಯಿತು. ಧರೆಪ್ಪನದು ಅರ್ಧವೂ ಆಗಿರಲಿಲ್ಲ. ಕಿಟಕಿಯಾಚೆ ಬಾವಿಯ ಮೇಲಿನ ದೀಪ ಹತ್ತಿತು.

"ಏಳಪಾ," ಎಂದ ಧರೆಪ್ಪ ಮಗನಿಗೆ. "ಕರೆಂಟ ಬಂತು."

"ಬರ್ಲಿ. ಉಣ್ಣು ನೀ."

"ಕಬ್ಬ ಒಣಗತೈತಿ."

"ಒಂದಿನಾ ಒಣಗಿದ್ರ ಸಾಯೂದಿಲ್ಲ."

ಧರೆಪ್ಪ ತಲೆ ತಗ್ಗಿಸಿ ಉಂಡ. ತಾಟು ಬರಿದಾಯಿತು. ಎರಡು ವರ್ಷದಿಂದ ಪಡಸಾಲೆಯಲ್ಲಿ, ಅದಕ್ಕೂ ಮೊದಲು ಹಲ್ಲು ಹೋದ ಮೇಲೆ ಇದೇ ಸಾಲಿನಲ್ಲಿ, ತಾಟು ಬರಿದಾದ ಮೇಲೆ ಅವನು ಇನ್ನಷ್ಟು ಕೇಳಿದ್ದಿಲ್ಲ. ಮಗನ ಕೈ ನೋಡಿದ. ಬೆರಳಿನ ಮೇಲೆ ಪಲ್ಯ ಒಣಗಿ ಬಿಳಿಚಿಕೊಂಡಿತ್ತು. ಆ ಕೈ ತಾಟಿನ ಮೇಲೆ ಇದ್ದಂತೆಯೇ ಇತ್ತು, ಅಲುಗಲಿಲ್ಲ.

"ಶಿವಗಂಗವ್ವಾ," ಎಂದ ಧರೆಪ್ಪ. "ಇನ್ನ ಅರ್ಧ ರೊಟ್ಟಿ ಹಾಕವ್ವಾ."